ಒಂದು ಚುಕ್ಕಿ, ಒಂದು ಮನೆ

ಕಾತ್ಯಾಯಿನಿ ಕೆಲಸ ಮಾಡುತ್ತಿದ್ದದ್ದು ಮನೆಗಳಿಗೆ ಆಕ್ಸಿಜನ್ ಯಂತ್ರಗಳನ್ನು ಬಾಡಿಗೆಗೆ ಕೊಡುವ ಕಂಪನಿಯಲ್ಲಿ. ಮುಖ್ಯ ಕಚೇರಿ ಅಟ್ಲಾಂಟಾದಲ್ಲಿ. ಯಂತ್ರಗಳು ಜಾರ್ಜಿಯಾ, ಎರಡೂ ಕೆರೊಲಿನಾಗಳು, ವರ್ಜೀನಿಯಾದ ಉದ್ದಗಲಕ್ಕೂ. ಶ್ವಾಸಕೋಶ ಸೋತವರ ಮಂಚದ ಪಕ್ಕದಲ್ಲಿ ಹಗಲಿರುಳೂ ಗುಂಯ್‌ಗುಡುವ ಪೆಟ್ಟಿಗೆಗಳು ಅವು. ಕೋಣೆಯ ಗಾಳಿಯನ್ನೇ ಒಳಗೆಳೆದುಕೊಂಡು, ಅದರಿಂದ ಆಕ್ಸಿಜನ್ ಬೇರೆ ಮಾಡಿ, ಸಣ್ಣ ಕೊಳವೆಯಲ್ಲಿ ಮೂಗಿಗೆ ಕೊಡುತ್ತವೆ. ಕಾತ್ಯಾಯಿನಿ ನಾರ್ತ್ ಕೆರೊಲಿನಾದ ಏಪೆಕ್ಸ್ ಎಂಬ ಊರಿನ ತನ್ನ ಮನೆಯಲ್ಲೇ ಕೂತು, ಕಂಪನಿಯ ಅಂಕಿಅಂಶಗಳನ್ನೆಲ್ಲ ಒಟ್ಟುಮಾಡಿ, ಮೇಲಿನವರು ಒಂದು ನೋಟದಲ್ಲಿ ತೀರ್ಮಾನಕ್ಕೆ ಬರುವಂಥ ಚಾರ್ಟ್‌ಗಳನ್ನು ಮಾಡಿಕೊಡುತ್ತಿದ್ದಳು.

ಅವಳ ಚಾರ್ಟ್‌ಗಳಲ್ಲಿ ಎಲ್ಲರಿಗೂ ಮೆಚ್ಚಿಗೆಯಾಗಿದ್ದದ್ದು ಒಂದು ಹಸಿರು ಗೆರೆ. ಸರ್ವಿಸಿಗೆ ವಾಪಸ್ ಬಂದ ಪ್ರತಿ ಯಂತ್ರವನ್ನೂ, ಹೊಸದಾಗಿ ಕೊಂಡವನ್ನೂ ಪರೀಕ್ಷಿಸಿ, ಅದು ಕೊಡುವ ಗಾಳಿಯಲ್ಲಿ ಆಕ್ಸಿಜನ್ ಎಷ್ಟಿದೆಯೆಂದು ಬರೆದಿಡುತ್ತಿದ್ದರು. ನೂರಕ್ಕೆ ತೊಂಬತ್ತರ ಮೇಲಿದ್ದರೆ ಸರಿ. ಆ ಎಲ್ಲ ಅಂಕಿಗಳ ತಿಂಗಳ ಸರಾಸರಿಯೇ ಆ ಗೆರೆ. ಗಾಳಿಯಿಲ್ಲದ ದಿನದ ಕೆರೆಯ ನೀರಿನ ಹಾಗೆ ಅದು ತೊಂಬತ್ತರ ಮೇಲೆ ಸಮನಾಗಿ ಮಲಗಿರುತ್ತಿತ್ತು.

2023ರ ಜುಲೈಯಲ್ಲಿ ಅವಳಿಗೆ ಆ ಸಮತೆಯ ಮೇಲೇ ಅನುಮಾನ ಬಂತು. ವಸಂತದಲ್ಲಿ ಕಂಪನಿ ಹೊಸ ಯಂತ್ರಗಳನ್ನು ಕೊಂಡಿತ್ತು. ಅವುಗಳ ಅಂಕಿ ತೀರ ಚೆನ್ನಾಗಿತ್ತು. ಹಾಗಿದ್ದ ಮೇಲೆ ಗೆರೆ ಏರಬೇಕಿತ್ತಲ್ಲ? ಏಕೆ ಇದ್ದಲ್ಲೇ ಇದೆ? ಏನೋ ಒಂದು ಅದನ್ನು ಕೆಳಗಿನಿಂದ ಜಗ್ಗುತ್ತಿರಬೇಕು. ಅವಳು ಸರಾಸರಿಯನ್ನು ಒಡೆದು, ಒಂದೊಂದು ಯಂತ್ರಕ್ಕೂ ಒಂದೊಂದು ಚುಕ್ಕಿ ಇಟ್ಟಳು.

ತೊಂಬತ್ತರ ಮೇಲೆ ದಟ್ಟವಾದ ಚುಕ್ಕಿಗಳ ಹಿಂಡು. ಕೆಳಗೆ, ಬಹಳ ಕೆಳಗೆ, ಎಪ್ಪತ್ತರ ಆಸುಪಾಸಿನಲ್ಲಿ ಬೇರೆಯೇ ಒಂದು ಸಣ್ಣ ಗುಂಪು. ಯಾವ ಡಿಪೋದಲ್ಲಿ ರಿಪೇರಿಯಾದದ್ದೆಂದು ಬಣ್ಣ ಹಚ್ಚಿ ನೋಡಿದಾಗ ಆ ಕೆಳಗಿನ ಗುಂಪು ಪೂರ್ತಿ ಕಿತ್ತಳೆ ಬಣ್ಣಕ್ಕೆ ತಿರುಗಿತು. ಎಲ್ಲವೂ ಹಳೆಯ ಮಾದರಿಯವು. ಎಲ್ಲವೂ ಚಳಿಗಾಲದಲ್ಲಿ ಒಂದೇ ಡಿಪೋದಲ್ಲಿ ರಿಪೇರಿಯಾಗಿ ಮತ್ತೆ ಮನೆಗಳಿಗೆ ಹೋದವು.

ಅವಳು ಡಿಪೋಗೆ ಫೋನ್ ಮಾಡಿ ವಿಚಾರಿಸಿದಳು. ಚಳಿಗಾಲದಲ್ಲಿ ಬೇರೆ ಕಡೆಯಿಂದ ರಬ್ಬರ್ ಸೀಲು ತರಿಸಿದ್ದು ನಿಜ ಎಂದರು. ಸೀಲು ಸಡಿಲವಿದ್ದರೆ ತೇವ ಒಳಗೆ ಹೋಗುತ್ತದೆ. ತೇವ ತಗುಲಿದರೆ ಆಕ್ಸಿಜನ್ ಬೇರೆ ಮಾಡುವ ಹರಳುಗಳು ಸಾಯುತ್ತವೆ. ಕೆರೊಲಿನಾದ ಬೇಸಿಗೆಯಲ್ಲಿ ತೇವಕ್ಕೇನು ಬರ. "ಆಗ ಅಲಾರಂ ಹೊಡೆಯೋದಿಲ್ವಾ?" ಎಂದು ಅವಳು ಇಂಗ್ಲಿಷಿನಲ್ಲಿ ಕೇಳಿದಳು. ಹಳೆಯ ಮಾದರಿಯಲ್ಲಿ ಆಕ್ಸಿಜನ್ ಅಳೆಯುವ ಸೆನ್ಸರ್ ಇಲ್ಲ ಎಂಬ ಉತ್ತರ ಬಂತು. ಮೋಟಾರು ತಿರುಗುತ್ತಿದ್ದರೆ ಹಸಿರು ದೀಪ ಉರಿಯುತ್ತದೆ, ಅಷ್ಟೆ.

ಫೋನ್ ಇಟ್ಟು ಅವಳು ಮತ್ತೆ ಚಾರ್ಟಿನತ್ತ ತಿರುಗಿದಳು. ಪರದೆಯ ಮೇಲಿನ ಕಿತ್ತಳೆ ಚುಕ್ಕಿಗಳು ವಾಪಸ್ ಬಂದ ಯಂತ್ರಗಳು ಮಾತ್ರ. ಅದೇ ಡಿಪೋದಿಂದ ಹೋಗಿ ಇನ್ನೂ ವಾಪಸ್ ಬಾರದವು ಎಷ್ಟೋ ಪಾಲು ಹೆಚ್ಚಿದ್ದವು. ಅವೆಲ್ಲ ಈ ಹೊತ್ತಿನಲ್ಲೂ ಯಾರ್ಯಾರದೋ ಮಂಚದ ಪಕ್ಕದಲ್ಲಿ ಹಸಿರು ದೀಪ ಉರಿಸಿಕೊಂಡು ಕೂತಿದ್ದವು.

ಅವಳ ಮೇಲಧಿಕಾರಿ ಗ್ರೆಗ್ ವಿಡಿಯೋ ಕರೆಯಲ್ಲಿ ಚಾರ್ಟನ್ನು ನೋಡಿದ. ಒಳ್ಳೆಯ ಮಾತಿನ ಮನುಷ್ಯ. ಎಂದೂ ದನಿ ಏರಿಸಿದವನಲ್ಲ.

"ಚೆನ್ನಾಗಿ ಹುಡುಕಿದ್ದೀಯ," ಎಂದ. "ಆದರೆ ಮುಂದಿನ ವಾರ ಅಟ್ಲಾಂಟಾದ ಮೀಟಿಂಗಿನಲ್ಲಿ ನಮ್ಮ ಮುಖ್ಯಸ್ಥೆ ಡಯೇನ್ ಮುಂದೆ ಇಡೋದು ಆ ಹಸಿರು ಗೆರೆಯನ್ನೇ. ಕಂಪನಿ ಕೊಳ್ಳೋಕೆ ಬಂದಿರೋರು ಆಮೇಲೆ ಅದೇ ಸ್ಲೈಡುಗಳನ್ನ ನೋಡ್ತಾರೆ. ನಿನ್ನ ಚುಕ್ಕಿಗಳು ಕೊನೆಯ ಅನುಬಂಧದಲ್ಲಿರಲಿ."

"ಅನುಬಂಧವನ್ನ ಯಾರೂ ತೆರೆಯೋದಿಲ್ಲ, ಗ್ರೆಗ್."

"ಬೇಕಾದವರು ತೆರೀತಾರೆ. ಸರ್ವಿಸ್ ವಿಭಾಗಕ್ಕೆ ನಾನು ಹೇಳ್ತೀನಿ, ನಿಧಾನವಾಗಿ ಒಂದೊಂದೇ ಬದಲಾಯಿಸಲಿ." ಕರೆ ಮುಗಿಸುವ ಮುಂಚೆ, ಏನೋ ನೆನಪಾದವನಂತೆ ಕೇಳಿದ: "ಅಂದಹಾಗೆ, ನಿನ್ನ ಗ್ರೀನ್ ಕಾರ್ಡ್ ಅರ್ಜಿ ಎಲ್ಲಿಗೆ ಬಂತು? ನನ್ನ ಸಹಿ ಇನ್ನೊಂದು ಬೇಕಿತ್ತಲ್ಲ?"

ಅವನು ನಗುತ್ತಲೇ ಕೇಳಿದ್ದ. ಅವಳೂ ನಗುತ್ತಲೇ ಉತ್ತರ ಕೊಟ್ಟಳು. ಆ ಸಹಿ ಇಲ್ಲದೆ ಅರ್ಜಿ ಮುಂದೆ ಹೋಗುವಂತಿರಲಿಲ್ಲ.

ಗಂಡ ಶಶಾಂಕ್‌ನ ಕೆಲಸ ಚಳಿಗಾಲದಲ್ಲಿ ಹೋಗಿತ್ತು. ಈಗ ಅವನು ಅವಳ ವೀಸಾದ ಆಸರೆಯಲ್ಲಿದ್ದ. ಮನೆ, ಮಗಳು ಮಾನ್ಯಾಳ ಶಾಲೆ, ಈ ದೇಶದಲ್ಲಿ ಅವರು ಇರುವುದು, ಎಲ್ಲ ಅವಳ ಒಂದು ಕೆಲಸದ ಮೇಲೆ ನಿಂತಿತ್ತು. ಅವನು ಪಾತ್ರೆ ತೊಳೆಯುತ್ತ ಅವಳು ಹೇಳಿದ್ದೆಲ್ಲ ಕೇಳಿಸಿಕೊಂಡ.

"ನೀನು ಬಾಸ್‌ಗೆ ರಿಪೋರ್ಟ್ ಮಾಡಿದ್ಯ ಅಲ್ವಾ? ನಿನ್ನ ಪಾರ್ಟ್ ಮುಗೀತು ಕಾತ್ಯಾ."

"ಮುಗೀತಾ?"

"ಕೆಲಸ ಹೋದ್ರೆ ನಮಗೆ ಎರಡು ತಿಂಗಳು ಟೈಮು. ಅಷ್ಟರಲ್ಲಿ ಇನ್ನೊಂದು ಸಿಗ್ಲಿಲ್ಲ ಅಂದ್ರೆ ಪ್ಯಾಕ್ ಮಾಡ್ಬೇಕು." ಅವನು ನಲ್ಲಿ ನಿಲ್ಲಿಸಿದ. "ನಂಗೂ ಸರಿ ಅನ್ಸ್ತಿಲ್ಲ. ಆದ್ರೆ ಭಯ ಆಗತ್ತೆ. ಅದನ್ನ ಹೇಳ್ದೆ ಇನ್ನೇನ್ ಹೇಳ್ಲಿ?"

ಸೋಫಾದ ಮೇಲಿದ್ದ ಮಾನ್ಯಾ ತಲೆಯೆತ್ತಿ, "ಅಮ್ಮಾ, ಆರ್ ವಿ ಮೂವಿಂಗ್?" ಎಂದಳು. ಇಬ್ಬರೂ ಒಟ್ಟಿಗೆ "ಇಲ್ಲ" ಎಂದರು.

ಅವಳು ಹೇಳಿಕೊಳ್ಳದೆ ಇಟ್ಟುಕೊಂಡಿದ್ದ ಭಯ ಇನ್ನೊಂದಿತ್ತು. ಪಕ್ಕದ ಊರಾದ ಕ್ಯಾರಿಯಲ್ಲಿದ್ದ ವೇಣುಗೋಪಾಲ ಅಂಕಲ್ ಮನೆಯಲ್ಲೂ ಅವಳ ಕಂಪನಿಯ ಯಂತ್ರವಿತ್ತು. ಅಂಕಲ್ ಮೈಸೂರಿನಲ್ಲಿ ಓದಿ ಎಪ್ಪತ್ತರ ದಶಕದಲ್ಲಿ ಬಂದ ಡಾಕ್ಟರು. ಜೀವಮಾನವಿಡೀ ಆಸ್ಪತ್ರೆಯಲ್ಲಿ ಎಕ್ಸ್‌ರೇ ಓದಿದವರು. ಕೋವಿಡ್ ಬಂದು ಹೋದಾಗಿನಿಂದ ಅವರ ಶ್ವಾಸಕೋಶ ಮೊದಲಿನಂತಾಗಿರಲಿಲ್ಲ. ಈ ಊರಿಗೆ ಬಂದ ಹೊಸದರಲ್ಲಿ ಅವಳ ಬಾಣಂತನದಲ್ಲಿ ಸಾರು ಮಾಡಿ ತಂದುಕೊಟ್ಟವರು ಅವರ ಹೆಂಡತಿ ಜಾನಕಿ ಆಂಟಿ. ರೋಗಿಗಳ ಹೆಸರು ಕಂಪ್ಯೂಟರಿನಲ್ಲಿ ಹುಡುಕಿ ನೋಡುವುದು ಕಾನೂನಿಗೆ ವಿರುದ್ಧ, ಅವಳು ನೋಡಲಿಲ್ಲ. ಶನಿವಾರ ಬೆಳಿಗ್ಗೆ ಕಾರು ಹತ್ತಿ ಅವರ ಮನೆಗೇ ಹೋದಳು.

ಅಂಕಲ್ ಕಿಟಕಿಯ ಬಳಿಯ ಒರಗುಕುರ್ಚಿಯಲ್ಲಿದ್ದರು. ಮುಖ ಬೂದಿ ಬಣ್ಣವಾಗಿತ್ತು. ಒಂದು ವಾಕ್ಯ ಮುಗಿಸಲು ಮಧ್ಯೆ ಉಸಿರು ಎಳೆದುಕೊಳ್ಳುತ್ತಿದ್ದರು.

"ಎರಡು ವಾರದಿಂದ ಹೀಗೇ ಕಣೇ," ಎಂದರು ಜಾನಕಿ ಆಂಟಿ. "ಬಾತ್‌ರೂಮಿಗೆ ಹೋಗಿ ಬಂದ್ರೆ ಸಾಕು, ಏದುಸಿರು. ವಯಸ್ಸಾಯ್ತು ಬಿಡು ಅಂತಾರೆ. ಮಷೀನ್ ಮಾತ್ರ ಚೆನ್ನಾಗಿ ಓಡ್ತಿದೆ, ನೋಡು, ದೀಪ ಹಸಿರೇ ಇದೆ."

ಕಾತ್ಯಾಯಿನಿ ನೆಲದ ಮೇಲೆ ಮಂಡಿಯೂರಿ ಯಂತ್ರದ ಹಿಂದಿನ ಚೀಟಿಯನ್ನು ನೋಡಿದಳು. ಹಳೆಯ ಮಾದರಿ. ಅದೇ ಡಿಪೋದ ಗುರುತು. ಯಂತ್ರ ಅವಳ ಕಿವಿಯ ಪಕ್ಕದಲ್ಲಿ ನಿಶ್ಚಿಂತೆಯಿಂದ ಗುಂಯ್‌ಗುಡುತ್ತಿತ್ತು.

"ಆಂಟಿ, ಕರೆಂಟ್ ಹೋದಾಗ ಹಾಕೋ ಸಿಲಿಂಡರ್ ಇದ್ಯಲ್ಲ, ಅದನ್ನ ತನ್ನಿ. ಈಗಲೇ."

ಸಿಲಿಂಡರಿಗೆ ಕೊಳವೆ ಬದಲಾಯಿಸಿದರು. ಅಂಕಲ್ ಬೆರಳಿಗೆ ಸಿಕ್ಕಿಸಿದ್ದ, ರಕ್ತದಲ್ಲಿನ ಆಕ್ಸಿಜನ್ ಅಳೆಯುವ ಸಣ್ಣ ಮೀಟರು ಎಂಬತ್ತಾರು ತೋರಿಸುತ್ತಿತ್ತು. ಮೂವರೂ ಅದನ್ನೇ ನೋಡುತ್ತ ಕೂತರು. ಎಂಬತ್ತೆಂಟು. ತೊಂಬತ್ತು. ಸ್ವಲ್ಪ ಹೊತ್ತಿನಲ್ಲಿ ತೊಂಬತ್ತನಾಲ್ಕು. ಅಂಕಲ್ ತುಟಿಗಳಿಗೆ ಬಣ್ಣ ಬರತೊಡಗಿತು. ಜಾನಕಿ ಆಂಟಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

ಅಂಕಲ್ ಅವಳತ್ತ ತಿರುಗಿದರು. "ನಿಂಗೆ ಮೊದಲೇ ಗೊತ್ತಿತ್ತು."

ಅವಳು ಎಲ್ಲವನ್ನೂ ಹೇಳಿದಳು. ಚುಕ್ಕಿಗಳನ್ನು, ಗ್ರೆಗ್‌ನನ್ನು, ಸಹಿಯನ್ನು.

"ನಮಗೇನೋ ಹೇಳಿದೆ, ಸಂತೋಷ," ಎಂದರು ಅಂಕಲ್. "ಉಳಿದೋರಿಗೆ ಯಾರು ಹೇಳ್ತಾರೆ?"

"ಅವರು ನೋಡೋದೇ ಇಲ್ಲ ಅಂಕಲ್. ನಂಗೆ ಕೊಡೋದೇ ಐದು ನಿಮಿಷ. ಮೂವತ್ತು ಸ್ಲೈಡ್ ಇರತ್ತೆ. ಡಯೇನ್ ಫೋನ್ ನೋಡ್ತಾ ಇರ್ತಾಳೆ."

"ಮೂವತ್ತು ಯಾಕೆ ತೋರಿಸ್ತೀಯ? ನಾನು ಸರ್ಜನ್ ಮುಂದೆ ಇಡೀ ಎದೆ ವಿವರಿಸ್ತಾ ಕೂರ್ತಿರಲಿಲ್ಲ. ಎಕ್ಸ್‌ರೇ ಫಿಲ್ಮ್ ಮೇಲೆ ಬೆರಳಿಟ್ಟು, ಇಲ್ಲಿ ನೋಡು, ಇವತ್ತೇ ಕೊಯ್ಬೇಕು ಅಂತಿದ್ದೆ." ಅವರು ಉಸಿರು ತೆಗೆದುಕೊಂಡರು. "ಬೆರಳಿಡೋಕೆ ನಂಗೂ ಭಯ ಆಗ್ತಿತ್ತು. ತಪ್ಪಾಗಿದ್ರೆ? ಅದಕ್ಕೇ ಅಲ್ವಾ ಜನ ಇಡೀ ಎದೆ ತೋರಿಸೋದು."

ಭಾನುವಾರವೆಲ್ಲ ಅವಳು ಆ ಒಂದು ಚಾರ್ಟಿನ ಮುಂದೆ ಕೂತಳು. ಅನುಬಂಧ ಹೇಗೂ ಯಾರೂ ತೆರೆಯದ್ದೆಂದು ಗ್ರೆಗ್ ಅದನ್ನು ಅವಳಿಗೇ ಬಿಟ್ಟಿದ್ದ. ಚೌಕುಳಿ ಗೆರೆಗಳನ್ನು ತೆಗೆದಳು. ಬಣ್ಣಬಣ್ಣದ ವಿವರಪಟ್ಟಿಯನ್ನು ತೆಗೆದಳು. ಆರೋಗ್ಯವಾಗಿದ್ದ ಯಂತ್ರಗಳನ್ನೆಲ್ಲ ತೆಳು ಬೂದಿ ಬಣ್ಣಕ್ಕೆ ತಿರುಗಿಸಿದಳು. ತೊಂಬತ್ತರಲ್ಲಿ ಒಂದು ಕಪ್ಪು ಗೆರೆ. ಅದರ ಕೆಳಗೆ ಕಿತ್ತಳೆ ಚುಕ್ಕಿಗಳು. 'ಡಿಪೋವಾರು ಆಕ್ಸಿಜನ್ ಶುದ್ಧತೆ' ಎಂಬ ತಲೆಬರಹವನ್ನು ಅಳಿಸಿ, 'ಈ ಡಿಪೋದ ಯಂತ್ರಗಳನ್ನು ಇಂದೇ ವಾಪಸ್ ತರಿಸಬೇಕು' ಎಂದು ಬರೆದಳು. 'ತರಿಸಬೇಕು' ಎಂದು ಹೇಳಲು ತಾನು ಯಾರು ಎನಿಸಿ ಅಳಿಸಿದಳು. ಮತ್ತೆ ಬರೆದಳು.

ಅಟ್ಲಾಂಟಾದ ಆ ಕೋಣೆ ಎತ್ತರದ ಮಹಡಿಯಲ್ಲಿತ್ತು. ಗಾಜಿನಾಚೆ ಹೈವೇಯ ಮೇಲೆ ಕಾರುಗಳು ಸದ್ದಿಲ್ಲದೆ ಹರಿಯುತ್ತಿದ್ದವು. ಉದ್ದ ಮೇಜಿನ ತುದಿಯಲ್ಲಿ ಕಂಪನಿಯ ಮುಖ್ಯಸ್ಥೆ ಡಯೇನ್. ಅವಳ ಒಂದು ಪಕ್ಕ ಹಣಕಾಸು ನೋಡಿಕೊಳ್ಳುವವನು, ಇನ್ನೊಂದು ಪಕ್ಕ ಕಂಪನಿಯ ವಕೀಲ. ಇನ್ನೂ ಕೆಲವರು ಸುತ್ತ ಕೂತಿದ್ದರು. ಗ್ರೆಗ್ ಬಾಗಿಲಲ್ಲೇ ಅವಳ ಕಿವಿಯಲ್ಲಿ, "ಸ್ಲೈಡು ಬಿಟ್ಟು ಆಚೆ ಹೋಗ್ಬೇಡ," ಎಂದಿದ್ದ.

ಹಸಿರು ಗೆರೆ ಪರದೆಯ ಮೇಲೆ ಬಂತು. ಕಾತ್ಯಾಯಿನಿ ಎದ್ದು ನಿಂತಳು. ಡಯೇನ್ ಫೋನ್ ನೋಡುತ್ತಿದ್ದಳು. "ಮತ್ತೆ ಚೆನ್ನಾಗಿದೆ. ಮುಂದಿನದು?" ಎಂದಳು, ತಲೆಯೆತ್ತದೆ.

ಮುಂದಿನದಕ್ಕೆ ಹೋಗಿಬಿಡಬಹುದಿತ್ತು. ಗ್ರೆಗ್ ಅವಳನ್ನು ನೋಡಿ, ಹೋಗು ಎಂಬಂತೆ ತಲೆಯಾಡಿಸಿದ. ಮಾನ್ಯಾಳ ಮುಖ ಕಣ್ಣ ಮುಂದೆ ಬಂತು, ಹಿಂದೆಯೇ ಎಂಬತ್ತಾರು ತೋರಿಸುತ್ತಿದ್ದ ಮೀಟರು.

"ಈ ಗೆರೆ ಚೆನ್ನಾಗಿಲ್ಲ," ಎಂದಳು. ತನ್ನ ದನಿ ತನಗೇ ದೂರದಿಂದ ಕೇಳಿದಂತಿತ್ತು. "ಇದನ್ನ ನಾನೇ ಮಾಡಿದ್ದು. ಇದು ಒಂದು ವಿಷಯ ಮುಚ್ಚಿಡ್ತಿದೆ."

ಗ್ರೆಗ್ ಕುರ್ಚಿ ಕಿರುಗುಟ್ಟಿತು. ಅವಳು ಅವನತ್ತ ನೋಡದೆ ಕೊನೆಯ ಸ್ಲೈಡಿಗೆ ಹಾರಿದಳು. ಬಿಳಿಯ ಮೇಲೆ ಬೂದಿಯ ಹಿಂಡು. ಕೆಳಗೆ ಕಿತ್ತಳೆ ಚುಕ್ಕಿಗಳು. ಮೇಲೆ ಆ ಒಂದು ವಾಕ್ಯ.

"ಒಂದು ಚುಕ್ಕಿ ಅಂದರೆ ಒಂದು ಮನೆ," ಎಂದಳು. ಪರದೆಯ ಹತ್ತಿರ ಹೋಗಿ ಬೆರಳಿಟ್ಟಳು. "ಈ ಮನೆಯಲ್ಲಿ ಯಂತ್ರದ ದೀಪ ಹಸಿರಾಗೇ ಇತ್ತು. ಅಲಾರಂ ಹೊಡೀಲಿಲ್ಲ. ಆದರೆ ಅಲ್ಲಿದ್ದವರಿಗೆ ಡಾಕ್ಟರು ಬರೆದುಕೊಟ್ಟ ಆಕ್ಸಿಜನ್ ಸಿಗ್ತಿರಲಿಲ್ಲ. ಇವು ವಾಪಸ್ ಬಂದವು. ಇದೇ ಡಿಪೋದ ಬೇರೆ ಯಂತ್ರಗಳು ಇನ್ನೂ ಮನೆಗಳಲ್ಲಿವೆ. ಹೊಸ ಯಂತ್ರಗಳ ಒಳ್ಳೆಯ ಅಂಕಿ ಸರಾಸರಿಯಲ್ಲಿ ಇವನ್ನ ಮುಚ್ಚಿಬಿಟ್ಟಿತ್ತು."

ಡಯೇನ್ ಫೋನನ್ನು ಮೇಜಿನ ಮೇಲೆ ಬೋರಲಾಗಿಟ್ಟಳು. "ನಿನಗೆ ಎಷ್ಟು ಖಾತ್ರಿ?"

"ಕಾರಣ ಸೀಲೇ ಅನ್ನೋದು ಪೂರ್ತಿ ಖಾತ್ರಿಯಿಲ್ಲ. ಈ ಚುಕ್ಕಿಗಳು ಗೆರೆಯ ಕೆಳಗಿವೆ ಅನ್ನೋದು ಖಾತ್ರಿ."

ಹಣಕಾಸಿನವನು ಕನ್ನಡಕ ತೆಗೆದ. ಖರ್ಚೆಷ್ಟಾಗುತ್ತದೆಂದು ಕೇಳುತ್ತಾನೆಂದು ಅವಳು ಎಣಿಸಿದ್ದಳು, ಅವನು ಅದನ್ನು ಕೇಳಲಿಲ್ಲ. "ಇವರಲ್ಲಿ ಎಷ್ಟು ಜನ ಸತ್ತಿದ್ದಾರೆ?" ಎಂದ.

"ಗೊತ್ತಿಲ್ಲ," ಎಂದಳು. "ಯಂತ್ರ ಯಾಕೆ ವಾಪಸ್ ಬಂತು ಅಂತ ನಾವು ಬರೆದಿಡೋದಿಲ್ಲ."

ವಕೀಲ ಎದ್ದು ಬಂದು ಮೆಲ್ಲಗೆ ಹೇಳಿದ: "ಸಾಕು. ಲ್ಯಾಪ್‌ಟಾಪ್ ಇಲ್ಲೇ ಇರಲಿ. ನೀವು ಹೊರಗೆ ಕಾಯಿರಿ."

ಹೊರಗಿನ ಸಾಲು ಕುರ್ಚಿಗಳಲ್ಲಿ ಅವಳೊಬ್ಬಳೇ ಕೂತಳು. ಒಳಗಿನ ದನಿಗಳು ಒಮ್ಮೆ ಏರಿದವು, ಒಮ್ಮೆ ಇಳಿದವು, ಪದಗಳು ಕೇಳಿಸಲಿಲ್ಲ. ಹೊತ್ತು ಹೋದಂತೆ ತಾನು ಲೆಕ್ಕದಲ್ಲಿ ಎಲ್ಲೋ ಎಡವಿರಬೇಕೆಂಬ ಅನುಮಾನ ಅವಳನ್ನು ತಿನ್ನತೊಡಗಿತು. ಒಂದು ತಪ್ಪು ಸೊನ್ನೆ, ಒಂದು ತಪ್ಪು ಕಾಲಂ ಸಾಕು. ಕೊನೆಗೆ ಗ್ರೆಗ್ ಹೊರಗೆ ಬಂದ. ಅವನ ಕುತ್ತಿಗೆ ಕೆಂಪಾಗಿತ್ತು. ಅವಳನ್ನು ದಾಟಿಕೊಂಡು ಲಿಫ್ಟಿನ ಕಡೆ ನಡೆದ. ಅವನ ಹಿಂದೆ ಬಂದ ವಕೀಲ, "ಇವತ್ತು ಮನೆಗೆ ಹೋಗಿ. ಈ ವಿಷಯ ಯಾರ ಹತ್ತಿರವೂ ಮಾತಾಡಬೇಡಿ. ನಾವೇ ಕರೆ ಮಾಡ್ತೀವಿ," ಎಂದ. ಲ್ಯಾಪ್‌ಟಾಪ್ ವಾಪಸ್ ಕೊಡಲಿಲ್ಲ.

ವಿಮಾನದಲ್ಲಿ ಅವಳು ಸೀಟಿನ ಕೈ ಹಿಡಿದುಕೊಂಡೇ ಕೂತಿದ್ದಳು. ಅವರ ಊರಿಗೆ ಹತ್ತಿರದ ರಾಲಿಯ ಏರ್‌ಪೋರ್ಟಿಗೆ ಶಶಾಂಕ್ ಬಂದಿದ್ದ. ಅವಳ ಹೆಗಲಿನಲ್ಲಿ ಲ್ಯಾಪ್‌ಟಾಪ್ ಚೀಲ ಚಪ್ಪಟೆಯಾಗಿ ಜೋತಿದ್ದದ್ದನ್ನು ನೋಡಿ ಅವನಿಗೆ ಅರ್ಥವಾಯಿತು.

"ಕೆಲಸದಿಂದ ತೆಗೆದುಬಿಟ್ರಾ?"

"ಗೊತ್ತಿಲ್ಲ."

ಅವನು ಚೀಲ ತೆಗೆದುಕೊಂಡ. ಕಾರಿನಲ್ಲಿ ಅವಳ ಕೈ ಹಿಡಿದುಕೊಂಡ. "ಸರಿ, ಬಿಡು," ಎಂದ. "ನಾನಾಗಿದ್ರೆ ಹೇಳ್ತಿರಲಿಲ್ಲ. ನೀನು ಹೇಳಿದೆ."

ಮರುದಿನ ಬೆಳಿಗ್ಗೆ ಫೋನ್ ಬಂತು. ಡಯೇನ್ ತಾನೇ ಮಾತಾಡಿದಳು. ಡಿಪೋದಲ್ಲಿ ಉಳಿದಿದ್ದ ಅದೇ ಸೀಲಿನ ಯಂತ್ರಗಳನ್ನು ರಾತ್ರಿಯೇ ಪರೀಕ್ಷಿಸಿದ್ದರು, ಅರ್ಧಕ್ಕರ್ಧ ಸೋತಿದ್ದವು. ಸರ್ಕಾರಕ್ಕೆ ತಿಳಿಸಿಯಾಗಿತ್ತು. ಎಲ್ಲವನ್ನೂ ವಾಪಸ್ ತರಿಸುತ್ತಾರೆ. ಶಭಾಸ್ ಎಂದಾಗಲಿ, ಉಪಕಾರವಾಯಿತೆಂದಾಗಲಿ ಅವಳು ಹೇಳಲಿಲ್ಲ. "ಮೊದಲು ಯಾರಿಗೆ ಫೋನ್ ಮಾಡಬೇಕು ಅನ್ನೋದನ್ನ ಹೇಳು," ಎಂದಳಷ್ಟೆ. "ಯಾರನ್ನ ಇನ್ನೂ ತಲುಪಿಲ್ಲ ಅನ್ನೋದು ನನಗೆ ಪ್ರತಿ ಗಂಟೆ ಕಾಣ್ತಿರಬೇಕು. ಗೆರೆ ಬೇಡ. ಆ ಚುಕ್ಕಿಗಳೇ ಬೇಕು."

ಬೇರೆ ಲ್ಯಾಪ್‌ಟಾಪ್ ಬಂತು. ಅವಳು ಚಾರ್ಟನ್ನು ನಕ್ಷೆಯ ಮೇಲೆ ಹರಡಿದಳು. ಯಾರಿಗೆ ಹೆಚ್ಚು ಆಕ್ಸಿಜನ್ ಬೇಕೋ ಆ ಮನೆ ಗಾಢ ಕಿತ್ತಳೆ. ಯಂತ್ರ ಬದಲಾಯಿಸಿದ ಕೂಡಲೇ ಚುಕ್ಕಿ ಬೂದಿಯಾಗುತ್ತಿತ್ತು. ವೇಣುಗೋಪಾಲ ಅಂಕಲ್ ಮನೆಗೆ ಹೊಸ ಯಂತ್ರ ಬಂತೆಂದು ಜಾನಕಿ ಆಂಟಿ ಫೋನ್ ಮಾಡಿ ಅತ್ತರು. ಚುಕ್ಕಿಗಳು ಬೇಗಬೇಗ ಕಂತಿದವು. ಆದರೆ ಕೆಲವು ಕಂತಲಿಲ್ಲ. ಫೋನ್ ಎತ್ತದ ಮನೆಗಳು, ನಂಬರು ಬದಲಾದ ಮನೆಗಳು. ಕರೆ ಮಾಡುವವರು ಸಾಲದೆ ಹೋದಾಗ ಕಚೇರಿಯವರೂ ಕೂತು ಡಯಲ್ ಮಾಡಬೇಕಾಯಿತು. ಕಾತ್ಯಾಯಿನಿ ಪೂರ್ವ ಕೆರೊಲಿನಾದ ಹಳ್ಳಿಗಾಡಿನ ಚುಕ್ಕಿಗಳನ್ನು ತೆಗೆದುಕೊಂಡಳು. ಏನು ಹೇಳಬೇಕು, ಏನು ಹೇಳಬಾರದು ಎಂದು ವಕೀಲ ಬರೆದು ಕಳಿಸಿದ್ದ. ಯಾರೂ ಎತ್ತದಿದ್ದರೆ ಭಯ, ಎತ್ತಿದರೂ ಭಯ.

ಒಂದು ಮನೆಯಲ್ಲಿ ಗಂಡಸೊಬ್ಬ ಎತ್ತಿದ. ಅವಳು ಯಂತ್ರದ ವಿಷಯ ಹೇಳಿದಳು. ಅವನು ಪೂರ್ತಿ ಕೇಳಿದ.

"ಅದು ಅಮ್ಮನದು," ಎಂದ. "ಅಮ್ಮ ಜೂನ್‌ನಲ್ಲಿ ತೀರಿಕೊಂಡರು. ಯಂತ್ರ ಇನ್ನೂ ಮೂಲೆಯಲ್ಲಿದೆ. ತಗೊಂಡು ಹೋಗೋಕೆ ಯಾರೂ ಬರಲಿಲ್ಲ."

"ಕೇಳಿ ತುಂಬಾ ದುಃಖವಾಯಿತು," ಎಂದಳು ಅವಳು.

ಅವನ ಹಿಂದೆ ಎಲ್ಲೋ ನಾಯಿ ಬೊಗಳುತ್ತಿತ್ತು. ಅವನು ನಿಧಾನವಾಗಿ ಕೇಳಿದ: "ಅದರಿಂದಲೇ ಆಯ್ತಾ?"

ಇದಕ್ಕೆ ಉತ್ತರ ಕೊಡಬಾರದೆಂದು ವಕೀಲ ಬರೆದಿದ್ದ. ಸಹಾಯವಾಣಿಯ ನಂಬರು ಕೊಟ್ಟು ಕರೆ ಮುಗಿಸಬೇಕು. ಆ ವಾಕ್ಯ ಅವಳ ಕಣ್ಣೆದುರೇ ಇತ್ತು.

"ನನಗೆ ಗೊತ್ತಿಲ್ಲ," ಎಂದಳು. "ಆ ಯಂತ್ರವನ್ನ ಪರೀಕ್ಷೆ ಮಾಡಿಸದೆ ಯಾರಿಗೂ ಕೊಡಬೇಡಿ. ನಮಗೂ ಕೊಡಬೇಡಿ. ಅಮ್ಮನ ಡಾಕ್ಟರ ಹತ್ತಿರ ಮಾತಾಡಿ."

ಅವನ ಉಸಿರು ಫೋನಿನಲ್ಲಿ ಕೇಳುತ್ತಿತ್ತು. ಡ್ರಾಯರು ಎಳೆದ ಸದ್ದು, ಏನನ್ನೋ ತಡಕಾಡಿದ ಸದ್ದು.

"ನಿಮ್ಮ ಹೆಸರೇನು?"

ಪಕ್ಕದ ಕೋಣೆಯಲ್ಲಿ ಶಶಾಂಕ್ ಮಾನ್ಯಾಗೆ ಮಗ್ಗಿ ಹೇಳಿಕೊಡುತ್ತಿದ್ದ. ಹೆಸರು ಹೇಳಲೇಬೇಕೆಂದು ಯಾವ ನಿಯಮವೂ ಇರಲಿಲ್ಲ.

"ಕಾತ್ಯಾಯಿನಿ," ಎಂದಳು.

"ಮತ್ತೊಮ್ಮೆ ಹೇಳಿ. ಬರೆದುಕೊಳ್ತೀನಿ."

ಅವನಿಗೆ ತಪ್ಪಾಗದಿರಲೆಂದು ಅವಳು ಒಂದೊಂದೇ ಅಕ್ಷರ ಬಿಡಿಸಿ, ನಿಧಾನವಾಗಿ, ಅವನು ಬರೆದು ಮುಗಿಸುವ ತನಕ ಹೇಳಿದಳು.